ಬೇಳೆ ಬೆಂದ ಜಾಗ

ಎದೆಯುಬ್ಬಿಸಿ ಹೇಳಿಕೊಳ್ಳುವಂಥ ಕೆಲಸಗಳನ್ನು ನಾನು ಹೆಚ್ಚೇನೂ ಮಾಡಿಲ್ಲ. ಮಾಡಿದ್ದರಲ್ಲಿ ಒಂದು, ಅಂಕೋಲೆಯ ಹತ್ತಿರ ನಮ್ಮ ಶಾಲೆಯ ಹುಡುಗಿಯರ ಡೇರೆಗಳಿಗೆ ಜಾಗ ಆರಿಸಿದ್ದು. ಈ ಕತೆ ಶುರು ಮಾಡಿದರೆ ನಮ್ಮ ಮನೆಯವರು ಈಗಲೂ ಎದ್ದು ಹೊರಗೆ ಹೋಗುತ್ತಾರೆ. ಹೋಗಲಿ, ನಾನಂತೂ ನಿಲ್ಲಿಸುವುದಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಬಸವನ ಬಾಗೇವಾಡಿಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುವ ಅಕ್ಕೋರು ನಾನು. ಹಿಂದಿನ ವರ್ಷ ಬೇರೆ ಊರಿನ ಹುಡುಗರು ಪ್ರವಾಸಕ್ಕೆ ಹೋಗಿ, ಹೊಟ್ಟೆ ಹಿಡಿದುಕೊಂಡು ವಾಪಸು ಬಂದ ಸುದ್ದಿ ಎಲ್ಲರ ಬಾಯಲ್ಲಿತ್ತು. ಅಂಥದರಲ್ಲಿ ನಾನು ಹುಡುಗಿಯರಿಗೆ ಸಮುದ್ರ ತೋರಿಸುತ್ತೇನೆ, ಒಂದು ವಾರ ಡೇರೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದೆ. ಪಾಲಕರು ನನ್ನನ್ನು ತಲೆಕೆಟ್ಟವಳ ಹಾಗೆ ನೋಡಿದರು.

ಅವರಲ್ಲಿ ಹೂವಿನ ಹಿಪ್ಪರಗಿಯ ಒಬ್ಬ ರೈತರಿದ್ದರು. ಅವರು ಹೂಂ ಎಂದರೆ ಉಳಿದವರೂ ಹೂಂ ಎನ್ನುತ್ತಿದ್ದರು. ಮಗಳು ಒಂಬತ್ತನೆಯ ಇಯತ್ತೆಯಲ್ಲಿದ್ದಳು. ಮೀಸೆ ತಿರುವುತ್ತ ಅವರು ಒಂದು ಕರಾರು ಹಾಕಿದರು.

"ಎಳ್ಳಮಾಸಿ ಮುಗದ ಮ್ಯಾಲ ಕರ್ಕೊಂಡ ಹೋಗ್ರಿ ಅಕ್ಕೋರ, ಬ್ಯಾಡ ಅನ್ನಂಗಿಲ್ಲ. ಆದ್ರ ಒಂದ ಹುಡುಗಿ ಹೊಟ್ಟಿಬ್ಯಾನಿ ಅಂತ ಮಲಗಿದ್ಲಂದ್ರ, ಈ ಸಾಲಿಯಿಂದ ಇನ್ನೊಮ್ಮಿ ಯಾವ ಹುಡುಗಿನೂ ಹೊರಗ ಹೋಗಂಗಿಲ್ಲ. ನಾನ ಅಡ್ಡ ನಿಲ್ತೇನಿ."

"ಆಗ್ಲಿರಿ," ಎಂದುಬಿಟ್ಟೆ. ಹೇಳುವಾಗ ಧೈರ್ಯವಿತ್ತು. ಮನೆಗೆ ಬರುವಷ್ಟರಲ್ಲಿ ಅದು ಇಳಿದುಹೋಗಿತ್ತು.

ಮೊದಲು ಹೋಗಿ ಜಾಗ ನೋಡಿ ಬರಬೇಕಿತ್ತು. ನಮ್ಮ ಮನೆಯವರನ್ನು ಹೊರಡಿಸಿದೆ. ಅವರೂ ಸಮುದ್ರ ಕಂಡವರಲ್ಲ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು. ನಿಡಗುಂದಿಯಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಘಟ್ಟ ಇಳಿದೆವು. ನನ್ನ ಚೀಲದಲ್ಲಿ ಒಂದು ಸಣ್ಣ ಪಾತೇಲಿ, ಅರಿವೆಯಲ್ಲಿ ಕಟ್ಟಿದ ತೊಗರಿ ಬೇಳೆ ಇದ್ದವು. ಅದನ್ನು ಕಂಡು ಅವರು, "ಏನ, ಸಮುದ್ರದ ದಂಡ್ಯಾಗ ಸಂಸಾರ ಹೂಡಾಕ ಹೊಂಟಿಯೇನ?" ಎಂದು ನಕ್ಕರು.

ನಾಲತವಾಡದ ನನ್ನ ತವರಿನಲ್ಲಿ ಮನೆಯ ಹಿಂದೆಯೇ ಬಾವಿ ಇತ್ತು. ಆದರೂ ಬೇಳೆಗೆ ಬೇಕಾದ ನೀರನ್ನು ಊರ ಹೊರಗಿನಿಂದ ಹೊತ್ತು ತರುತ್ತಿದ್ದೆವು. ಹಿತ್ತಲ ಬಾವಿಯ ಸವುಳು ನೀರಿನಲ್ಲಿ ಎಷ್ಟು ಉರಿ ಹಾಕಿದರೂ ಬೇಳೆ ಬೇಯುತ್ತಿರಲಿಲ್ಲ. ಹೆಣ್ಣು ಕೊಡುವ ಮೊದಲು ಆ ಊರಿನ ನೀರಿನಲ್ಲಿ ಬೇಳೆ ಬೇಯುತ್ತದೋ ಇಲ್ಲವೋ ಎಂದು ವಿಚಾರಿಸುವವರು ನಾವು. ಅರೆಬೆಂದ ಬೇಳೆ ತಿಂದ ಹೊಟ್ಟೆಯ ಗತಿ ನನಗೆ ಚೆನ್ನಾಗಿ ಗೊತ್ತಿತ್ತು. ಹೀಗಾಗಿ ಜಾಗ ಹೇಗೆ ನೋಡಬೇಕೆಂದು ನಾನು ಯಾರನ್ನೂ ಕೇಳಲಿಲ್ಲ.

ಮೊದಲು ನೋಡಿದ್ದು ಸಮುದ್ರದ ದಂಡೆಯ ಗಾಳಿಮರಗಳ ತೋಪು. ಎದುರಿಗೇ ಅಲೆಗಳು, ಕಾಲಡಿ ಮೆತ್ತನೆಯ ಉಸುಕು. ನಮ್ಮ ಮನೆಯವರು ಚಪ್ಪಲಿ ಬಿಟ್ಟು ನೀರಿಗಿಳಿದವರು ಕರೆದರೂ ಬರಲೊಲ್ಲರು. ನಾನು ಮೂರು ಕಲ್ಲು ಹೂಡಿ, ಒಣಗಿದ ತೆಂಗಿನ ಗರಿ ಹೊತ್ತಿಸಿ, ಅಲ್ಲಿನ ಬಾವಿಯ ನೀರಿಗೆ ಬೇಳೆ ಹಾಕಿದೆ. ನೀರು ಕುದಿಯಿತು, ಬತ್ತಿತು, ಮತ್ತೆ ಹಾಕಿದೆ. ಗರಿಗಳ ರಾಶಿ ಮುಗಿದರೂ ಬೇಳೆ ಬೆರಳ ನಡುವೆ ಕಲ್ಲಿನ ಹಾಗೇ ಇತ್ತು. ಪಾತೇಲಿ ಬೋರಲು ಹಾಕಿದೆ.

ಅಲ್ಲಿಂದ ಒಳಗೆ, ಗುಡ್ಡದ ಬುಡದಲ್ಲಿ, ಕಾಡು ಶುರುವಾಗುವ ಕಡೆ ಒಂದು ಗುಡಿಯ ಬಯಲಿತ್ತು. ಪೂಜಾರಿಯವರು ಇಳಿದುಕೊಳ್ಳಲು ಒಪ್ಪಿದರು. ಕೆಂಪು ಚಿರೇಕಲ್ಲಿನ ಬಾವಿ, ಸುತ್ತ ಮುಗಿಲೇ ಕಾಣದಷ್ಟು ಮರ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ನಮ್ಮ ಕಡೆ ದೂರದ ಹೊಲದಲ್ಲಿ ಯಾರು ಬರುತ್ತಿದ್ದಾರೆಂದು ಮನೆಯ ಕಟ್ಟೆಯಿಂದಲೇ ಗುರುತು ಹಿಡಿಯುತ್ತೇವೆ. ಇಲ್ಲಿ ಹತ್ತು ಮಾರಿನ ಆಚೆ ಆನೆ ನಿಂತರೂ ತಿಳಿಯುವ ಹಾಗಿರಲಿಲ್ಲ. ಆದರೂ ಒಲೆ ಹೂಡಿದೆ. ಸ್ವಲ್ಪ ಹೊತ್ತಿಗೇ ಬೇಳೆ ಅರಳಿ, ಸೌಟು ಆಡಿಸಿದ ಕೂಡಲೇ ಹಿಟ್ಟಾಯಿತು. ಅಷ್ಟು ಸಲೀಸಾಗಿ ಬೆಂದ ಬೇಳೆಯನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಇಲ್ಲೇ," ಎಂದೆ.

"ಸಮುದ್ರ ನೋಡಾಕ ಬಂದು ಕಾಡಿನಾಗ ಕುಂಡ್ರೂದೇನ?" ಅವರಿಗೆ ಸಿಟ್ಟು ಬಂದಿತ್ತು.

"ಸಮುದ್ರ ಕುಡ್ಯಾಕ ಬರ್ತೈತೇನ್ರಿ? ನೋಡಾಕ ನಡಕೊಂಡ ಹೋದ್ರಾತು."

ವಾಪಸು ಬರುವಾಗ ಹುಬ್ಬಳ್ಳಿಯವರೆಗೂ ಅವರು ಮುಖ ಗಂಟು ಹಾಕಿಕೊಂಡೇ ಇದ್ದರು.

ಎಳ್ಳಮಾವಾಸ್ಯೆಯ ಹಬ್ಬ ಮುಗಿಯಿತು, ಹೊರಟೆವು. ಡೇರೆ ಹಾಕಿದ ಜಾಗ ನೋಡಿ ಹುಡುಗಿಯರೂ ಮುನಿಸಿಕೊಂಡರು. "ಅಕ್ಕೋರ, ಸಮುದ್ರ ಎಲ್ಲೈತ್ರಿ?" ಎಂದು ಒಬ್ಬಳಾದ ಮೇಲೊಬ್ಬಳು ಕೇಳಿದಳು. ಮರುದಿನ ಬೆಳಿಗ್ಗೆ ಗದ್ದೆಯ ಬದುವಿನ ಮೇಲೆ ಸಾಲಾಗಿ ನಡೆಸಿಕೊಂಡು ಹೋದೆ. ಕಂಡೊಡನೆ ಹಿಪ್ಪರಗಿಯ ಹುಡುಗಿ ಲಂಗ ಎತ್ತಿಕೊಂಡು ಕೂಗುತ್ತ ಓಡಿದಳು, ಉಳಿದವರು ಅವಳ ಹಿಂದೆ. ಉಪ್ಪು ಮೆತ್ತಿದ ಮೈಯಲ್ಲಿ ತಿರುಗಿ ಬಂದವರಿಗೆ ಹಸಿವೋ ಹಸಿವು. ಊರಿನಿಂದ ತಂದ ಖಡಕ್ ರೊಟ್ಟಿಯನ್ನು ಆ ಮೆತ್ತನೆಯ ಬೇಳೆಯಲ್ಲಿ ಮುರಿದು ಮುರಿದು ತಿಂದರು. ಹಂಡೆಯ ತಳ ಕೆರೆದರು. ವಾರವಿಡೀ ಒಬ್ಬಳೂ ಹೊಟ್ಟೆ ಮುಟ್ಟಿಕೊಳ್ಳಲಿಲ್ಲ. ದಂಡೆಯಲ್ಲೇ ಇಳಿದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ನಮ್ಮ ಮನೆಯವರು ವಾದಿಸುತ್ತಾರೆ. ಇರಬಹುದು. ಮಾತು ಕೊಟ್ಟವಳು ನಾನು, ಅವರಲ್ಲ.

ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಹಿಪ್ಪರಗಿಯ ರೈತರು ಮೊದಲೇ ಬಂದು ನಿಂತಿದ್ದರು. ಬಗಲಲ್ಲಿ ಸಣ್ಣ ಮಗಳು. ಇಳಿದ ದೊಡ್ಡ ಮಗಳನ್ನು ಸಂತೆಯಲ್ಲಿ ಕರು ನೋಡುವ ಹಾಗೆ ಸುತ್ತ ತಿರುಗಿಸಿ ನೋಡಿದರು.

"ಏನ್ ತಿಂದಿಬೇ?"

"ಬ್ಯಾಳಿ, ರೊಟ್ಟಿ. ನಮ್ಮ ಮನ್ಯಾಗಿನಕಿಂತ ಮೆತ್ತಗಿತ್ತಪಾ ಬ್ಯಾಳಿ."

ಅವರು ನನ್ನ ಕಡೆ ತಿರುಗಿದರು.

"ಮೈಕೈ ತುಂಬಿಕೊಂಡ ಬಂದಾಳಲ್ರಿ ಅಕ್ಕೋರ," ಎಂದವರೇ ಬಗಲಲ್ಲಿದ್ದವಳನ್ನು ಕೆಳಗಿಳಿಸಿ ನನ್ನ ಮುಂದೆ ನಿಲ್ಲಿಸಿದರು. "ಮುಂದಿನ ಕ್ಯಾಂಪಿಗೆ ಇಕಿ ಹೆಸರೂ ಬರಕೋರಿ."

ಆ ಕೂಸು ಇನ್ನೂ ಶಾಲೆಯ ಮುಖ ಕಂಡಿರಲಿಲ್ಲ. "ಭಾಳ ಸಣ್ಣಾಕಿ ಅದಾಳಲ್ರಿ," ಎಂದೆ.

"ಬೆಳೀತಾಳ ತಗೋರಿ. ಹೆಸರು ಇರ್ಲಿ."