ಎರಡು ನಿಮಿಷದ ಪೀಠಿಕೆ

ಮೊನ್ನೆ ನಾನು ಓದಿದ ಕಾಲೇಜಿನಿಂದ ಒಂದು ಆಮಂತ್ರಣ ಪತ್ರಿಕೆ ಬಂತು. ದಪ್ಪ ಕಾಗದ, ಗುಲಾಬಿ ಅಂಚು, ಮೂಗಿಗೆ ಹಿಡಿದರೆ ಹೊಸ ಪಠ್ಯಪುಸ್ತಕದ ವಾಸನೆ. ನನ್ನಂಥ ಮಿಮಿಕ್ರಿಯವನಿಗೆ ಬರುವ ಕರೆಗಳೆಲ್ಲ ಸಾಧಾರಣವಾಗಿ ಗೃಹಪ್ರವೇಶದವು. ‘ಊಟ ಆದ್ಮೇಲೆ ಜನ ಎದ್ದು ಹೋಗ್ದೇ ಇರೋ ಹಾಗೆ ಅರ್ಧ ಗಂಟೆ ಏನಾದ್ರೂ ಮಾಡಪ್ಪಾ’ ಎನ್ನುವಂಥವು. ಕಾಲೇಜಿನವರೇ ಕರೆದಿದ್ದಾರೆಂದರೆ ನಾನೂ ಒಬ್ಬ ಗಣ್ಯನಾದೆ ಎಂದು ಕಾಲರ್ ಸರಿಮಾಡಿಕೊಂಡು ಓದತೊಡಗಿದೆ. ‘ಕೊರಿಯನ್ ಪಾಪ್ ಸಂಜೆ’ ಎಂದಿತ್ತು. ಕೆಳಗೆ ಉಪನ್ಯಾಸದ ವಿಷಯ: ‘ಕೆ-ಪಾಪ್ ಹಾಡು ಮತ್ತು ವಿಡಿಯೊಗಳ ಸಾಹಿತ್ಯಕ, ಸಾಂಸ್ಕೃತಿಕ ಬೇರುಗಳು’. ಅದರ ಕೆಳಗೆ ಉಪನ್ಯಾಸಕರ ಹೆಸರು. ಓದಿದೆ. ಇನ್ನೊಮ್ಮೆ ಓದಿದೆ. ಮೈಯೆಲ್ಲ ಉರಿದುಹೋಯಿತು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮೇಷ್ಟ್ರು ಎನ್ನುತ್ತೇನೆ, ಸಾಕು. ನನಗೆ ಯಾಕೆ ಉರಿಯಿತು ಎಂದು ತಿಳಿಯಬೇಕಾದರೆ ನೀವು ನನ್ನ ಜೊತೆ ಎರಡು ಸಾವಿರದ ಒಂಬತ್ತರ ಆಸುಪಾಸಿಗೆ ಬರಬೇಕು. ಬಸ್ಸಿನಲ್ಲೇ ಹೋಗೋಣ, ಕೃಷ್ಣರಾಜಪುರದಿಂದ ಪುಲಿಕೇಶಿನಗರಕ್ಕೆ. ಆಗ ನನ್ನ ದಿನಚರಿ ಅದೇ. ಅರ್ಧ ಆಯುಷ್ಯ ಹಳೇ ಮದ್ರಾಸು ರಸ್ತೆಯ ಟ್ರಾಫಿಕ್ಕಿನಲ್ಲಿ, ಉಳಿದರ್ಧ ಬಿ.ಕಾಂ. ತರಗತಿಯ ಕೊನೆಯ ಬೆಂಚಿನಲ್ಲಿ.

ನಮ್ಮ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಅಪ್ಪ ಸಾಲಾಗಿ ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಒಂದರಲ್ಲಿ ರಾಯಚೂರಿನವರು, ಇನ್ನೊಂದರಲ್ಲಿ ಧರ್ಮಪುರಿಯವರು, ಮೂರನೆಯದರಲ್ಲಿ ಶಿವಾಜಿನಗರದಿಂದ ಬಂದ ದಖ್ಖನಿ ಮಾತಿನ ದರ್ಜಿ. ಹತ್ತು ರೂಮಿನ ಹತ್ತು ಥರದ ಮಾತು ಕಿವಿಗೆ ಬಿದ್ದೂ ಬಿದ್ದೂ ನಾನು ಮಿಮಿಕ್ರಿಯವನಾದೆ. ಇದರಲ್ಲಿ ನನ್ನ ಪ್ರತಿಭೆಯೇನೂ ಇಲ್ಲ. ಬಚ್ಚಲಲ್ಲಿ ಕೂತು ಅಪ್ಪನ ಗಂಟಲಲ್ಲಿ ‘ಯಾರ್ರೀ ಅದು ನಲ್ಲಿ ಬಿಟ್ಟಿರೋದು?’ ಎಂದು ಕೂಗಿದರೆ ಹತ್ತೂ ಮನೆಯ ನಲ್ಲಿ ಒಟ್ಟಿಗೇ ನಿಲ್ಲುತ್ತಿತ್ತು. ಒಂದು ದಿನ ಅಪ್ಪನೇ ನಿಜವಾಗಿ ಕೂಗಿದಾಗ ಒಬ್ಬರೂ ನಿಲ್ಲಿಸಲಿಲ್ಲ. ಆವತ್ತು ಬಿದ್ದ ಏಟಿನ ಶಬ್ದವನ್ನೂ ನಾನು ಮಾಡಬಲ್ಲೆ.

ನನ್ನ ಬಿ.ಕಾಂ. ತರಗತಿಯಲ್ಲೇ ಲಿಂತೋಯ್ ಇದ್ದಳು. ಮಣಿಪುರದ ಹುಡುಗಿ. ಲಿಂಗರಾಜಪುರದಲ್ಲಿ ಇನ್ನೂ ಮೂವರು ಹುಡುಗಿಯರ ಜೊತೆ ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದಳು. ಕನ್ನಡ ಕಲಿತದ್ದು ಆಟೊದವರ ಹತ್ತಿರ ಜಗಳವಾಡಿ. ಹಾಗಾಗಿ ಅವಳ ಕನ್ನಡದಲ್ಲಿ ಮೃದುತ್ವ ಎನ್ನುವುದೇ ಇರಲಿಲ್ಲ. ಪ್ರಾಂಶುಪಾಲರ ಹತ್ತಿರ ರಜೆ ಕೇಳುವಾಗಲೂ ಮೀಟರಿನ ಮೇಲೆ ಹೆಚ್ಚು ಕೇಳಿದವನನ್ನು ತಡೆದು ನಿಲ್ಲಿಸಿದ ಹಾಗೆ ನಿಲ್ಲುತ್ತಿದ್ದಳು. ಅವಳ ಊರಿನಲ್ಲಿ ಬಂಡುಕೋರರ ನಿಷೇಧವಿದ್ದು ಹಿಂದಿ ಸಿನಿಮಾ ಹಾಕುವ ಹಾಗಿರಲಿಲ್ಲವಂತೆ. ಹಾಗಾಗಿ ಮನೆಮನೆಯ ಟೀವಿಯಲ್ಲಿ ಕೊರಿಯಾದ ಚಾನೆಲ್ಲು. ನಾವು ಭಾನುವಾರ ಚಿತ್ರಗೀತೆ ನೋಡಿ ಬೆಳೆದ ಹಾಗೆ ಅವಳು ಆ ಹಾಡುಗಳನ್ನು ನೋಡಿ ಬೆಳೆದವಳು.

ಆ ವರ್ಷದ ಕಾಲೇಜು ಹಬ್ಬದಲ್ಲಿ ‘ಥೀಮ್ ಡ್ಯಾನ್ಸ್’ ಸ್ಪರ್ಧೆ ಇತ್ತು. ಗೆದ್ದ ತಂಡ ವಿಶ್ವವಿದ್ಯಾಲಯದ ಯುವಜನೋತ್ಸವಕ್ಕೆ ಹೋಗುತ್ತಿತ್ತು. ಅದಕ್ಕೊಂದು ನಿಯಮ. ನೃತ್ಯಕ್ಕೆ ಮೊದಲು ಯಾರಾದರೂ ಮೈಕಿನ ಮುಂದೆ ನಿಂತು, ಇದರ ಹಿಂದಿನ ವಿಚಾರ ಏನು ಎಂದು ಎರಡು ನಿಮಿಷ ಕನ್ನಡದಲ್ಲಿ ಪೀಠಿಕೆ ಓದಬೇಕು. ಈ ನಿಯಮವನ್ನು ಯಾರೂ ಗಂಭೀರವಾಗಿ ತೆಗೆದುಕೊಂಡವರಿಲ್ಲ. ‘ಪರಿಸರ ಉಳಿಸಿ’ ಎಂದು ಓದಿ ಸಿನಿಮಾ ಹಾಡಿಗೆ ಸೊಂಟ ಬಳುಕಿಸುವುದು ಪದ್ಧತಿ. ಆ ಎರಡು ನಿಮಿಷ ಇದ್ದದ್ದೇ ಒಳಗೆ ಗೆಜ್ಜೆ ಕಟ್ಟಿಕೊಳ್ಳುವುದಕ್ಕೆ, ಸೇಫ್ಟಿ ಪಿನ್ನು ಹುಡುಕುವುದಕ್ಕೆ. ಇಡೀ ಕಾಲೇಜಿನಲ್ಲಿ ಆ ನಿಯಮವನ್ನು ನಂಬಿದವಳು ಲಿಂತೋಯ್ ಒಬ್ಬಳೇ.

“ನೀನು ಓದ್ಬೇಕು ಗುರು,” ಎಂದು ನನ್ನೆದುರಿಗೆ ಒಂದು ನೋಟ್‌ಬುಕ್ ಇಟ್ಟಳು. “ವಿಷಯ ನಂದು, ಕನ್ನಡ ನಿಂದು.”

ತೆರೆದು ನೋಡಿದರೆ ಆರು ಪುಟ, ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರ. ಸೈಬರ್ ಕೆಫೆಯಲ್ಲಿ ಕೂತು ಒಂದೊಂದೇ ಹುಡುಕಿ ಬರೆದುಕೊಂಡದ್ದು.

“ಕುಣಿಯೋಕೆ ಇಷ್ಟೆಲ್ಲ ಯಾಕೆ ಮಾರಾಯ್ತಿ? ನಾಲ್ಕು ಹೆಜ್ಜೆ ಹಾಕಿದ್ರೆ ಮುಗೀತು.”

“ಮುಗಿಯಲ್ಲ. ನಾವು ಸ್ಟೇಜ್ ಹತ್ತಿದ್ರೆ ಎಲ್ರೂ ಕೇಳೋದು ಒಂದೇ. ಮಣಿಪುರಿ ಡ್ಯಾನ್ಸ್ ಯಾಕೆ ಮಾಡಲ್ಲ? ನಿನ್ ಫ್ರೆಂಡ್ಸ್ ಗಿಟಾರ್ ಹಿಡ್ಕೊಂಡು ಇಂಗ್ಲಿಷ್ ಹಾಡ್ತಾರಲ್ಲ, ಅವರಿಗೆ ಯಾರಾದ್ರೂ ಯಕ್ಷಗಾನ ಯಾಕೆ ಮಾಡಲ್ಲ ಅಂತ ಕೇಳಿದಾರಾ?”

ಕೇಳಿರಲಿಲ್ಲ. ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡೆ.

ಎರಡು ವಾರ ಸಂಜೆ ಮಸೀದಿ ರಸ್ತೆಯ ಒಂದು ಟೀ ಅಂಗಡಿಯಲ್ಲಿ ಕೂತು ಆ ಆರು ಪುಟವನ್ನು ಎರಡು ನಿಮಿಷದ ಕನ್ನಡಕ್ಕೆ ಇಳಿಸಿ ಅದೇ ನೋಟ್‌ಬುಕ್ಕಿನ ಕೊನೆಯಲ್ಲಿ ಬರೆದೆವು. ಅವಳ ಫೋನಿನ ಇಯರ್‌ಫೋನಿನಲ್ಲಿ ಒಂದು ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಎದುರಿನ ಕಬಾಬಿನ ಹೊಗೆಯೆಲ್ಲ ನಮ್ಮ ಮುಖಕ್ಕೆ. ತೊಂಬತ್ತರ ದಶಕದ ಒಂದು ಹಾಡು ಕೇಳಿಸಿದಳು. ಹುಡುಗರು ಉಸಿರು ಬಿಡದೆ ರ‍್ಯಾಪ್ ಒದರುತ್ತಿದ್ದಾರೆ, ಗಿಟಾರು ಕಿರುಚುತ್ತಿದೆ, ಇದ್ದಕ್ಕಿದ್ದಂತೆ ನಡುವೆ ಒಂದು ಊದುವ ವಾದ್ಯ ನುಗ್ಗಿತು. ನಾನು ಟೀ ಲೋಟ ಕೆಳಗಿಟ್ಟೆ.

“ಏಯ್, ಇದು ನಮ್ಮ ಹಲಸೂರು ದೇವಸ್ಥಾನದ ಓಲಗ ಅಲ್ವಾ?”

“ಅವರದು. ಅಲ್ಲಿ ಹಳ್ಳಿ ಹಬ್ಬದಲ್ಲಿ ಊದ್ತಾರೆ,” ಎಂದಳು. ನಾನು ಗುರುತು ಹಿಡಿದದ್ದಕ್ಕೆ ಅವಳ ಮುಖ ಅರಳಿತ್ತು. ಒಂದು ಸಮೋಸ ಹೆಚ್ಚಿಗೆ ತರಿಸಿದಳು.

ಆಮೇಲೆ ಒಂದೊಂದೇ ಬಿಚ್ಚಿಟ್ಟಳು. ಒಬ್ಬ ಹಾಡುಗಾರ, ಒಬ್ಬ ಡೋಲಿನವನು, ಇಬ್ಬರೇ ಕೂತು ಗಂಟೆಗಟ್ಟಲೆ ಒಂದು ಕಥೆಯನ್ನು ಹಾಡಿ ಹೇಳುವ ಅಲ್ಲಿನ ಹಳೆಯ ಪದ್ಧತಿ. ಧ್ವನಿ ಪಳಗಲಿ ಎಂದು ಜಲಪಾತದ ಎದುರು ನಿಂತು ಗಂಟಲು ಒಡೆಯುವ ತನಕ ಹಾಡುತ್ತಿದ್ದರಂತೆ. ನಾಲ್ಕು ನಿಮಿಷದ ವಿಡಿಯೊದಲ್ಲಿ ಹುಡುಗ ಹುಡುಗಿ ಕೂಡಿ, ಅಗಲಿ, ಆಸ್ಪತ್ರೆಯಲ್ಲಿ ಒಬ್ಬರು ಸತ್ತೂ ಹೋಗುತ್ತಾರಲ್ಲ, ಆ ಅಳುವಿನ ಹಿಂದೆ ಇಂಥ ಅಗಲಿಕೆಯ ಕಥೆಗಳಿವೆ ಎಂದಳು. ಮೂರೇ ಸಾಲಿನ ಹಳೆಯ ಪದ್ಯಗಳ ವಿಷಯ ಹೇಳಿದಳು. ಮೊದಲ ಸಾಲು ಮಾತು ಎತ್ತುತ್ತದೆ, ಎರಡನೆಯದು ಬೆಳೆಸುತ್ತದೆ, ಮೂರನೆಯದು ಥಟ್ಟನೆ ಬೇರೆ ಕಡೆ ತಿರುಗುತ್ತದೆ. “ಹಾಡಲ್ಲಿ ಬೀಟ್ ನಿಂತು ಬೇರೆ ರೂಟ್ ಹಿಡಿಯತ್ತಲ್ಲ, ಅದೂ ಇದರಿಂದಾನೇ ಬಂದಿರ್ಬೇಕು. ಇದು ಮಾತ್ರ ನನ್ನ ಗೆಸ್ಸು, ಹಾಗೇ ಬರಿ.” ಊಹೆಯನ್ನು ಊಹೆ ಎಂದೇ ಬರೆಯಬೇಕು ಎಂದು ಹಟ ಹಿಡಿದವರನ್ನು ನಾನು ಕಾಲೇಜಿನಲ್ಲಿ ಬೇರೆ ಕಂಡಿಲ್ಲ, ಮೇಷ್ಟ್ರುಗಳನ್ನೂ ಸೇರಿಸಿ ಹೇಳುತ್ತಿದ್ದೇನೆ.

ಅಮೆರಿಕದ ನಕಲು ಎಂದು ಯಾರಾದರೂ ಅಂದೇ ಅನ್ನುತ್ತಾರೆ ಎಂದು ಅದಕ್ಕೂ ಒಂದು ಪುಟ ಇಟ್ಟಿದ್ದಳು. ಕೊರಿಯಾದ ಯುದ್ಧ ಮುಗಿದ ಮೇಲೆ ಹೊಟ್ಟೆಪಾಡಿಗಾಗಿ ಅಮೆರಿಕದ ಸೈನ್ಯದ ಕ್ಯಾಂಪುಗಳಲ್ಲಿ ಹಾಡಿದ ಜನ ಅವರು. ಸೈನಿಕರ ಹಾಡನ್ನು ಕಲಿತು, ತಮ್ಮದನ್ನು ಅದರೊಳಗೆ ಬೆರೆಸಿದರು. “ನಿಮ್ಮ ಕಂಟೋನ್ಮೆಂಟ್ ಕಥೆನೂ ಇದೇ ಅಲ್ವಾ?” ಎಂದಳು. ನಾನು ಸುತ್ತ ನೋಡಿದೆ. ಬ್ರಿಟಿಷ್ ದಂಡಿನವರು ಕಟ್ಟಿದ ಬೀದಿ, ದಂಡಿನವರ ಬ್ಯಾಂಡಿನಿಂದ ಮದುವೆಯ ಬ್ಯಾಂಡಿಗೆ ಬಂದ ಕೋಟು, ನನ್ನ ಬಾಯಲ್ಲಿದ್ದ ಬನ್ನು ಕೂಡ ಅಲ್ಲಿಂದಲೇ ಬಂದದ್ದು. ಹುಟ್ಟಿದಾಗಿನಿಂದ ಇಲ್ಲೇ ಓಡಾಡಿದವನಿಗೆ ಇದು ಹೊಳೆದಿರಲಿಲ್ಲ.

ಕೊನೆಗೆ ಮುಖವಾಡ. ಕೊರಿಯಾದ ಹಳ್ಳಿಗಳಲ್ಲಿ ಮುಖವಾಡ ಹಾಕಿ ಜಮೀನ್ದಾರರನ್ನೂ ಸನ್ಯಾಸಿಗಳನ್ನೂ ಬಯಲಲ್ಲಿ ನಿಂತು ಅಣಕಿಸುವ ಕುಣಿತವೊಂದಿದೆ. ಅದರ ಹೆಜ್ಜೆಗಳನ್ನೇ ತನ್ನ ನೃತ್ಯದೊಳಗೆ ಸೇರಿಸಿದ್ದಳು.

“ಅಂದ್ರೆ ನನ್ನ ಥರದವರು ಅನ್ನು,” ಎಂದು ಎದೆಯುಬ್ಬಿಸಿದೆ.

“ನಿನ್ನ ಥರ ಅಲ್ಲ ಗುರು. ಅವರು ದೊಡ್ಡೋರನ್ನ ಅಣಕಿಸ್ತಿದ್ರು. ನೀನು ಕಂಡಕ್ಟರ್‌ನ ಅಣಕಿಸ್ತೀಯ.”

ಟೀ ಬಿಸಿಯಾಗಿದೆ ಎಂದು ನೆಪ ಹೇಳಿ ಮುಖ ತಿರುಗಿಸಿದೆ.

ಹಬ್ಬದ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ತೀರ್ಪುಗಾರರು. ನಡುವಿನ ಕುರ್ಚಿಯಲ್ಲಿ ಸಾಂಸ್ಕೃತಿಕ ಸಮಿತಿಯ ನಮ್ಮ ಮೇಷ್ಟ್ರು. ನನ್ನ ಹಿಂದೆ ಲಿಂತೋಯ್ ಸೇರಿ ನಾಲ್ವರು ಹುಡುಗಿಯರು, ತಾವೇ ಕಾಗದ ಅಂಟಿಸಿ ಬಣ್ಣ ಹಚ್ಚಿದ ಮುಖವಾಡಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಮೈಕಿನ ಮುಂದೆ ಮೊದಲ ವಾಕ್ಯ ಓದಿದೆ: ‘ಒಂದು ಹಾಡು ನಿಮ್ಮ ಕಿವಿಗೆ ಹೊಸದಾಗಿ ಕೇಳಿದರೆ ಅದು ಹೊಸದೆಂದು ಅರ್ಥವಲ್ಲ, ನೀವು ಅಲ್ಲಿಗೆ ತಡವಾಗಿ ಬಂದಿರಿ ಎಂದು ಅರ್ಥ.’ ಚೆನ್ನಾಗಿಯೇ ಓದಿದೆ. ಹಿಂದಿನಿಂದ ಯಾರೋ ಈಶಾನ್ಯದವರನ್ನು ಹಂಗಿಸುವ ಆ ತಿಂಡಿಯ ಹೆಸರು ಹಿಡಿದು “ಮೊಮೊ!” ಎಂದು ಕೂಗಿದರು. ನಗು. ಎರಡನೆಯ ವಾಕ್ಯಕ್ಕೆ “ಬೋರು ಮಗಾ! ನಿನ್ ಐಟಂ ಮಾಡೋ!” ಎಂದರು.

ಇಲ್ಲಿ ನಾನು ಏನಾದರೊಂದು ಸಬೂಬು ಹೇಳಬಹುದು. ಹೇಳುವುದಿಲ್ಲ. ಮೂರನೆಯ ವಾಕ್ಯವನ್ನು ನಾನು ಕಣ್ಣು ಕಿರಿದು ಮಾಡಿಕೊಂಡು, ಮೂಗಿನಿಂದ, ಯಾವ ಭಾಷೆಯೂ ಅಲ್ಲದ ಒಂದು ಭಾಷೆಯಲ್ಲಿ ಓದಿದೆ. ಸಭಾಂಗಣ ನಗುವಿನಿಂದ ಸಿಡಿಯಿತು. ನಾಲ್ಕನೆಯದನ್ನೂ ಹಾಗೇ. ಆಮೇಲೆ ವಾಕ್ಯಗಳೇ ಬೇಕಾಗಲಿಲ್ಲ. ಎರಡು ನಿಮಿಷದ ಪೀಠಿಕೆ ಆರು ನಿಮಿಷವಾಯಿತು. ಮೇಷ್ಟ್ರು ಕರ್ಚೀಫಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರನ್ನು ನಗಿಸಿದೆನಲ್ಲ ಎಂದು ನನಗೆ ರೆಕ್ಕೆ ಬಂದಿತ್ತು.

ಆ ನಗುವಿನ ಮೇಲೇ ಅವರು ಕುಣಿಯಬೇಕಾಯಿತು. ಓಲಗದಂಥ ಆ ವಾದ್ಯ ಬಂದಾಗ ನಕ್ಕರು. ಮುಖವಾಡ ಹಾಕಿದಾಗ ನಕ್ಕರು. ಒಬ್ಬಳೂ ಒಂದು ಹೆಜ್ಜೆ ತಪ್ಪಲಿಲ್ಲ. ಮುಗಿದ ಮೇಲೆ ಮೇಷ್ಟ್ರು ಮೈಕು ತೆಗೆದುಕೊಂಡರು.

“ಹುಡುಗಿಯರಲ್ಲಿ ಶ್ರದ್ಧೆ ಇದೆ, ಇಲ್ಲ ಅನ್ನಲ್ಲ. ಆದರೆ ಇದರಲ್ಲಿ ಸಾಹಿತ್ಯ ಎಲ್ಲಿದೆ? ಸಂಸ್ಕೃತಿ ಎಲ್ಲಿದೆ? ಯಾರೋ ಬಣ್ಣ ಬಳಕೊಂಡು ಕುಣಿದದ್ದರ ನಕಲು. ಪೀಠಿಕೆಯೇ ಈ ತಂಡದ ಮರ್ಯಾದೆ ಉಳಿಸ್ತು!”

ನೀವೇ ಹೇಳಿ. ಸಾಹಿತ್ಯ ಎಲ್ಲಿದೆ ಎಂದು ಅವರು ಕೇಳುವಾಗ ಅದು ಅವರಿಂದ ಹತ್ತು ಅಡಿ ದೂರದಲ್ಲಿ, ಆರು ಪುಟ, ನನ್ನ ಕೈಯಲ್ಲಿತ್ತು. ತಂಡ ಹೊರಗಾಯಿತು. ನನಗೆ ‘ಅತ್ಯುತ್ತಮ ಮನರಂಜಕ’ ಎಂದು ಒಂದು ಕಪ್ಪು ಕೊಟ್ಟರು.

ಹೊರಗೆ ನಲ್ಲಿಯ ಹತ್ತಿರ ಲಿಂತೋಯ್ ಮುಖ ತೊಳೆಯುತ್ತಿದ್ದಳು. “ನೋಟ್‌ಬುಕ್ ಕೊಡು,” ಎಂದಳು.

“ಸಾರಿ ಲಿಂತೋಯ್. ಜನ ಹಾಗೆ...”

“ಜನ ಅಲ್ಲ. ಮೈಕ್ ನಿನ್ ಕೈಲಿತ್ತು.”

ಆಮೇಲೆ ಡಿಗ್ರಿ ಮುಗಿಯುವವರೆಗೂ ಅವಳು ನನ್ನನ್ನು ಗುರು ಎನ್ನಲಿಲ್ಲ. ಏನೂ ಅನ್ನಲಿಲ್ಲ.

ಈಗ ನೋಡಿ. ತಿಪ್ಪಸಂದ್ರದ ಅಂಗಡಿಯಲ್ಲಿ ಸ್ಕೂಲ್ ಬ್ಯಾಗಿನ ಮೇಲೆ ಕೊರಿಯಾದ ಹಾಡುಗಾರರು, ಬಣ್ಣದ ಕೂದಲಿನ ಹುಡುಗರು. ಇಂದಿರಾನಗರದಲ್ಲಿ ಅದೇ ಕುಣಿತ ಕಲಿಸುವ ಕ್ಲಾಸಿಗೆ ಕಾರಿನಲ್ಲಿ ಬಂದು ಮಕ್ಕಳನ್ನು ಬಿಡುತ್ತಾರೆ. ಜೀವನ್ ಬಿಮಾ ನಗರದ ನನ್ನ ಚಿಕ್ಕಮ್ಮ ಕೊರಿಯಾದ ಧಾರಾವಾಹಿ ನೋಡುತ್ತಾ ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾರೆ. ನನಗೆ ಅದರ ಮೇಲೆ ತಕರಾರಿಲ್ಲ. ಲೋಕವೆಲ್ಲ ಒಪ್ಪಿದ ಮೇಲೆ ಬೇರು ಹುಡುಕಲು ಹೊರಡುವವರ ಮೇಲೆ ನನ್ನ ಸಿಟ್ಟು. ಬೇರು ಸಮೇತ ಎದುರಿಗೆ ಬಂದು ನಿಂತವಳನ್ನು ನೋಡಿ ನಕ್ಕವರು ಇವರೇ ತಾನೇ?

ಪತ್ರಿಕೆಯ ಹಿಂದೆಯೇ ಒಬ್ಬ ವಿದ್ಯಾರ್ಥಿನಿಯ ಫೋನು ಬಂತು. “ಸರ್, ಲೆಕ್ಚರ್ ಆದ್ಮೇಲೆ ನಿಮ್ಮ ಆ ಫೇಮಸ್ ಕೊರಿಯನ್ ಐಟಂ ಮಾಡ್ಬೇಕಂತೆ. ನಮ್ ಸರ್ ಇನ್ನೂ ನೆನೆಸ್ಕೊಂಡು ನಗ್ತಾರೆ.”

ಆಮೇಲೆ ಹೇಳುತ್ತೇನೆಂದು ಫೋನಿಟ್ಟೆ. ಹಳೆಯ ಸಹಪಾಠಿಗಳನ್ನೆಲ್ಲ ಕಾಡಿ ಲಿಂತೋಯ್‌ಳ ನಂಬರು ಹಿಡಿದೆ. ಈಗ ಅವಳು ಗುವಾಹಟಿಯಲ್ಲಿ ಶಾಲೆಯ ಟೀಚರು. ಹೆಸರು ಹೇಳಿದೆ. ಕೂಡಲೇ ಮೇಷ್ಟ್ರ ಮೇಲೆ ಹರಿಹಾಯ್ದೆ: ಎಷ್ಟು ಧೈರ್ಯ ನೋಡು, ಇವರು ಬೇರಿನ ಬಗ್ಗೆ ಮಾತಾಡ್ತಾರಂತೆ! ಅವಳು ಪೂರ್ತಿ ಕೇಳಿಸಿಕೊಂಡಳು. ಅವಳ ಕನ್ನಡಕ್ಕೆ ತುಕ್ಕು ಹಿಡಿದಿತ್ತು, ಆದರೆ ಬಿರುಸು ಅದೇ.

“ಅವರು ಈಗ ಕಲಿತಿರ್ಬಹುದು. ಒಳ್ಳೇದೇ ಅಲ್ವಾ? ನೀನ್ಯಾಕೆ ಫೋನ್ ಮಾಡಿದ್ದು, ಅದು ಹೇಳು.”

ನನ್ನ ಸಿಟ್ಟೆಲ್ಲ ಅಲ್ಲೇ ಕುಸಿದು ಕೂತಿತು. “ಆವತ್ತಿನ ಪೀಠಿಕೆ ನಾನು ಓದ್ಲಿಲ್ಲ,” ಎಂದೆ. “ನನಗೆ ಒಂದಕ್ಷರ ಮರೆತಿಲ್ಲ. ಈಗ ಓದ್ಲಾ?”

“ನನಗ್ಯಾಕೆ? ನನಗೆ ಗೊತ್ತು ಅದರಲ್ಲಿ ಏನಿದೆ ಅಂತ,” ಎಂದಳು. “ಗೊತ್ತಿಲ್ದೇ ಇರೋರಿಗೆ ಓದು.” ಗಂಟೆ ಹೊಡೆಯಿತು, ಕ್ಲಾಸಿಗೆ ಹೋಗಬೇಕೆಂದು ಫೋನಿಟ್ಟಳು.

ಕಾಲೇಜಿನ ಹುಡುಗಿಗೆ ಮತ್ತೆ ಫೋನು ಹಚ್ಚಿದೆ. “ಆ ಐಟಂ ಮಾಡಲ್ಲಮ್ಮ. ಮೇಷ್ಟ್ರು ಅಲ್ಲೇ ಇದ್ರೆ ಕೊಡು.”

“ಏನಪ್ಪಾ ಕಲಾವಿದ!” ಎಂದು ನಗುತ್ತಲೇ ಬಂದರು. ಆ ಧ್ವನಿಯನ್ನು ನಾನು ಕೊನೆಯ ಬೆಂಚಿನಲ್ಲಿ, ಕ್ಯಾಂಟೀನಿನಲ್ಲಿ ಎಷ್ಟು ಸಲ ಮಾಡಿಲ್ಲ!

“ಸಾರ್, ಆವತ್ತು ಥೀಮ್ ಡ್ಯಾನ್ಸ್‌ಗೆ ಲಿಂತೋಯ್ ಅನ್ನೋ ಹುಡುಗಿ ಒಂದು ಪೀಠಿಕೆ ಬರೆದಿದ್ಲು. ನಾನು ಓದ್ದೇ ಕೆಡಿಸಿದೆ, ನೀವು ಕೇಳ್ದೇ ತೀರ್ಪು ಕೊಟ್ರಿ.”

“ಯಾವ ಹುಡುಗಿ? ಯಾವ ಪೀಠಿಕೆ?” ನಗು ನಿಂತಿತ್ತು.

“ಎರಡೇ ನಿಮಿಷ ಸಾರ್, ಫೋನ್ ಇಡ್ಬೇಡಿ,” ಎಂದು ಎದ್ದು ನಿಂತು ಶುರುಮಾಡಿದೆ.