ತಿದ್ದಿದ್ದು ಅವರಿಗೆ ತಲುಪಿರಲಿಲ್ಲ

ಆಕೆಯ ಕೆಲಸ ಹಲ್ಲಿನ ಸೆಟ್ ಮಾಡುವುದು. ವಾರವಿಡೀ ಪ್ಲಾಸ್ಟರ್ ಅಚ್ಚುಗಳ ನಡುವೆ ಕೂತು ಯಾರದೋ ದವಡೆಗೆ ಮೇಣದ ಒಸಡು ಕಟ್ಟುವಳು. ರಜೆ ಬಂದರೆ ಹಳೆಯ ವಾಲ್ವ್ ರೇಡಿಯೊ ಬಿಚ್ಚುವಳು. ವಾರವೆಲ್ಲ ಊರವರ ಬಾಯಿ, ರಜೆಗೆ ರೇಡಿಯೊ ಬಾಯಿ, ನನ್ನ ಬಾಯಿಗೆ ಯಾವಾಗ ಎಂದು ಗಂಡ ರೇಗಿಸುತ್ತಿದ್ದ.

ಇಂಥದೇ ಹುಚ್ಚಿನವರ ಗುಂಪೊಂದು ವರ್ಷಗಟ್ಟಲೆ ಮೇಲಿಂಗ್ ಲಿಸ್ಟಿನಲ್ಲಿ ಮಾತಾಡಿಕೊಂಡಿತ್ತು. ಒಬ್ಬರು ಬರೆದರೆ ಎಲ್ಲರ ಮೇಲ್‌ಗೂ ಹೋಗುತ್ತಿತ್ತು. ಬರೆದದ್ದನ್ನು ಆಮೇಲೆ ತಿದ್ದಬಹುದೆಂದು ಎಲ್ಲರೂ ಒಂದೇ ವೆಬ್‌ಸೈಟಿನಲ್ಲಿ ಬರೆದು ಓದುವ ಫೋರಮ್ಮಿಗೆ ಹೋಗೋಣ ಎಂದು ಹಟ ಹಿಡಿದು ಗುಂಪನ್ನು ಅಲ್ಲಿಗೆ ಒಯ್ದವಳು ಇವಳೇ. ಹೊಲಿಗೆ ಬಿಟ್ಟು ಮನೆಯಲ್ಲಿದ್ದ ಹಿರಿಯರೊಬ್ಬರು, ಎಲ್ಲರ ದರ್ಜಿ ಅಣ್ಣ, ಮಾತ್ರ ಗೊಣಗಿದರು: ಮೇಲ್ ಮನೆಬಾಗಿಲಿಗೆ ಬರುತ್ತದೆ, ಫೋರಮ್ಮಿಗೆ ನಾವೇ ಎದ್ದು ಹೋಗಬೇಕು. ಅವರ ಸಮಾಧಾನಕ್ಕೆ ಫೋರಮ್ಮಿನ ಬರಹಗಳು ಮೇಲ್‌ನಲ್ಲೂ ಬರುವಂತೆ ಇವಳೇ ಮಾಡಿಕೊಟ್ಟಳು.

ಒಂದು ಮಧ್ಯಾಹ್ನ ಅಣ್ಣ ಕೇಳಿದ್ದರು: ರೇಡಿಯೊ ಗುಂಯ್‌ಗುಡುತ್ತಿದೆ, ಒಳಗಿನ ದೊಡ್ಡ ಕಂಡೆನ್ಸರ್ ಬದಲಿಸುವುದು ಹೇಗೆ? ಅವಳು ಫೋರಮ್ಮಿನಲ್ಲಿ ಪಟಪಟನೆ ಬರೆದು ಹಾಕಿದಳು. ಮತ್ತೆ ಓದಿದಾಗ ತಪ್ಪು ಕಂಡಿತು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟು ನಿಂತಿರುತ್ತದೆ, ಮೊದಲು ಅದನ್ನು ಇಳಿಸಬೇಕು ಎಂಬ ಸಾಲೇ ಬಿಟ್ಟುಹೋಗಿತ್ತು. ಜೀವ ತೆಗೆಯುವಷ್ಟು ಕರೆಂಟು. ತಕ್ಷಣ ತಿದ್ದಿದಳು, ಬಟ್ಟೆಯ ಬಕೆಟ್ ಎತ್ತಿಕೊಂಡು ಹೊರಗೆ ಹೋದಳು.

ಬಟ್ಟೆ ಒಣಹಾಕುವಾಗ ಕೈ ತಟ್ಟನೆ ನಿಂತಿತು. ಫೋರಮ್ಮು ಮೇಲ್ ಕಳಿಸುವುದು ಬರೆದು ಹಾಕಿದ ಕೂಡಲೇ. ಆಮೇಲೆ ತಿದ್ದಿದ್ದು ಫೋರಮ್ಮಿನಲ್ಲೇ ಉಳಿಯುತ್ತದೆ. ಅಣ್ಣನಿಗೆ ಹೋದದ್ದು ಮೊದಲಿನದು.

ಕಂಡೆನ್ಸರ್ ಮುಟ್ಟಬೇಡಿ ಎಂದು ಅಣ್ಣನಿಗೆ ಹೊಸ ಮೇಲ್ ಕಳಿಸಿದಳು. ಉತ್ತರವಿಲ್ಲ. ಗುಂಪು ನೋಡಿಕೊಳ್ಳುವವನ ಹತ್ತಿರ ಅಣ್ಣನ ನಂಬರು ಪಡೆದಳು. ಅವಸರದಲ್ಲಿ ಎರಡು ಸಲ ತಪ್ಪು ಒತ್ತಿದಳು. ಕೊನೆಗೆ ಅವರ ಹೆಂಡತಿ ಎತ್ತಿದರು. ರೇಡಿಯೊ ಬಿಚ್ಚಿಕೊಂಡು ಕೂತಿದ್ದಾರೆ, ಆಮೇಲೆ ಫೋನು ಮಾಡಿ ಎಂದರು.

"ಅಕ್ಕಾ, ಈಗ್ಲೇ ಹೋಗಿ ಕೈ ಹಿಂದಕ್ಕೆ ತಗೊಳ್ಳಿ ಅನ್ನಿ. ನೀವೂ ಅವರನ್ನ ಮುಟ್ಬೇಡಿ, ದೂರದಿಂದ್ಲೇ ಕೂಗಿ."

ಫೋನು ಮೇಜಿನ ಮೇಲೆ ಬಿದ್ದ ಸದ್ದು. ಓಡುವ ಚಪ್ಪಲಿ. ಆಮೇಲೆ ಏನೂ ಇಲ್ಲ. ಗಂಡ ಬಂದು ಏನೆಂದು ಕೇಳಿದ. ಅವಳು ತಡೆ ಎಂದು ಕೈ ತೋರಿಸಿ ಫೋನು ಕಿವಿಗೆ ಒತ್ತಿಕೊಂಡಳು.

"ಏನು ತಂಗಿ, ಇವಳು ಹೀಗೆ ಅರಚ್ತಾಳೆ?" ಅಣ್ಣನ ದನಿ. "ನೀನು ಹೇಳಿದ ಹಾಗೇ ಪ್ಲಗ್ ತೆಗ್ದಿದ್ದೀನಿ. ಇನ್ನೇನು ಕೈ ಹಾಕ್ಬೇಕು, ಅಷ್ಟರಲ್ಲಿ ಕೂಗಿದ್ಲು."

ಅವಳು ಗೋಡೆಗೆ ಒರಗಿ ಕೂತಳು. ತಪ್ಪನ್ನು ಬಿಡಿಸಿ ಹೇಳಿದಳು. ರೇಡಿಯೊ ಹಾಗೇ ಇರಲಿ, ಬಲ್ಲವರನ್ನು ಕಳಿಸುತ್ತೇನೆ ಎಂದಳು. 

"ನೀನು ಬರೆದಿದ್ದು ಅಂತ ಎರಡನೇ ಸಲ ಯೋಚ್ನೆ ಮಾಡ್ಲಿಲ್ಲಮ್ಮ," ಎಂದರು ಅಣ್ಣ. ನಂತರ ಮೆಲ್ಲಗೆ, "ನನ್ನ ಹಾಗೆ ಮೇಲ್‌ನಲ್ಲಿ ಓದೋರು ಇನ್ನೂ ಇದಾರಲ್ವಾ?"

ಇದ್ದರು. ಅವರು ಯಾರ್ಯಾರು, ಅವರ ನಂಬರುಗಳೇನು ಎಂದು ಕೇಳಲು ಅವಳು ಮತ್ತೆ ಗುಂಪು ನೋಡಿಕೊಳ್ಳುವವನ ನಂಬರು ಒತ್ತಿದಳು. ಗಂಟೆ ಹೊಡೆಯುತ್ತಲೇ ಇತ್ತು, ಯಾರೂ ಎತ್ತಲಿಲ್ಲ.