ಜೂನಿಯ ದನಿ ಬಲ್ಲ ಶಿವಕ್ಕ

ಲಿಂಗ ಕಟ್ಟಿಕೊಂಡ ಹೆಣ್ಣುಮಗಳೊಬ್ಬಳು ಬೇಟೆನಾಯಿಗಳ ಬೆನ್ನು ಹತ್ತಿ ರಾತ್ರಿಯೆಲ್ಲ ಹಳ್ಳಕೊಳ್ಳ ತಿರುಗುತ್ತಾಳಂತೆ ಎಂಬ ಸುದ್ದಿ 1974ರ ಹೊತ್ತಿಗೆ ಲಾಸ್ ಏಂಜಲೀಸಿನ ಕನ್ನಡದವರ ಮನೆಮನೆಗೂ ಮುಟ್ಟಿತ್ತು. ಯುಗಾದಿ ಊಟದ ಪಂಕ್ತಿಯಲ್ಲಿ ಈ ಮಾತಿಗೆ ಹೋಳಿಗೆಗಿಂತ ಹೆಚ್ಚು ಗಿರಾಕಿ. ಆಡಿಕೊಂಡವರಲ್ಲಿ ಒಬ್ಬರೂ ಸ್ಯಾನ್ ಡಿಯಾಗೋ ತನಕ ಹೋಗಿ ನೋಡಿದವರಲ್ಲ. ನೋಡಿದ್ದರೆ ಸುಮ್ಮನಾಗುತ್ತಿದ್ದರು.

ಶಿವಕ್ಕ ಹುಬ್ಬಳ್ಳಿಯ ಮಹಾಂತಪ್ಪನ ಮಗಳು. ಮಹಾಂತಪ್ಪನದು ಪೇಟಿ ರಿಪೇರಿಯ ಅಂಗಡಿ. ಪೇಟಿ ಎಂದರೆ ಆ ಕಡೆ ಹಾರ್ಮೋನಿಯಂ. ಹಿತ್ತಾಳೆಯ ಸ್ವರಪಟ್ಟಿಯನ್ನು ಅವನು ಕೆರೆದು ಕೆರೆದು ಸುರ ಕೂಡಿಸುತ್ತಿದ್ದರೆ, ಏಳು ವರ್ಷದ ಮಗಳು ಬೆನ್ನು ತಿರುಗಿಸಿ ಕುಳಿತು, "ಇನ್ನೂ ಕೂದಲೆಳೆಯಷ್ಟು ಮ್ಯಾಲೈತಿ ನೋಡಪಾ" ಅನ್ನುತ್ತಿದ್ದಳು. ಅವಳ ಕಿವಿ ತಪ್ಪಿದ್ದನ್ನು ಅವನು ಕಂಡಿರಲಿಲ್ಲ. ಮದುವೆಯಾಗಿ ಅಮೆರಿಕಕ್ಕೆ ಹೊರಟಾಗ ಅವಳು ಟ್ರಂಕಿನಿಂದ ಅರ್ಧದಷ್ಟು ಸೀರೆಗಳನ್ನು ತೆಗೆದಿಟ್ಟು, ಆ ಜಾಗದಲ್ಲಿ ಒಂದು ಸಣ್ಣ ಪೇಟಿ ತುಂಬಿಕೊಂಡಳು. ಗಂಡ ವೀರಭದ್ರಪ್ಪ ಸ್ಯಾನ್ ಡಿಯಾಗೋದಲ್ಲಿ ವಿಮಾನದ ಬಿಡಿಭಾಗ ಮಾಡುವ ಕಂಪನಿಯೊಂದರ ಎಂಜಿನಿಯರ್. ಒಳ್ಳೆಯ ಮನುಷ್ಯ, ಎಲ್ಲದಕ್ಕೂ ಸ್ವಲ್ಪ ಹೆದರುವವನು.

ಅವನ ಗೆಳೆಯರೆಲ್ಲ ಮೀರಾ ಮೆಸಾದಲ್ಲಿ ಹೊಸ ಮನೆಗಳನ್ನು ಕೊಳ್ಳುತ್ತಿದ್ದರು. ಶಿವಕ್ಕ ಒಪ್ಪಲಿಲ್ಲ. "ಅಲ್ಲಿ ಮನಿ ಐತಿ, ಮಣ್ಣ ಎಲ್ಲೈತ್ರಿ?" ಎಂದಳು. ಹಾಗಾಗಿ ಅವರು ಇನ್ನೂ ಆಚೆಗೆ, ಪೊವೇಯ ಅಂಚಿನಲ್ಲಿ, ಹಿಂದೆ ಹಳ್ಳ ಹರಿಯುವ ಹಳೆಯ ಮನೆಯೊಂದನ್ನು ಹಿಡಿದರು. ಅವಳು ಪುಂಡಿಪಲ್ಯ, ಮೆಂತೆ, ಗೋವಿನಜೋಳ ಹಾಕಿದಳು.

ಗೋವಿನಜೋಳ ಹಾಲುಗಟ್ಟಿದ ವಾರವೇ ಕಳವು ಶುರುವಾಯಿತು. ಕಳ್ಳರು ತೆನೆಯ ಸಿಪ್ಪೆಯನ್ನು ಮನುಷ್ಯರಂತೆ ಸುಲಿದು, ನಾಲ್ಕು ಕಾಳು ತಿಂದು ಎಸೆದು ಹೋಗುತ್ತಿದ್ದರು. ಒಂದು ಸಂಜೆ ಶಿವಕ್ಕ ಹೊಂಚು ಹಾಕಿ ಕುಳಿತಳು. ಬಂದದ್ದು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಂತಿದ್ದ, ಬೆಕ್ಕಿಗಿಂತ ದಪ್ಪನೆಯ ಪ್ರಾಣಿ. ಅವಳು ಕೂಗಿದರೆ ಅದು ತೆನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವಳನ್ನು ನೋಡಿತು.

"ರಕೂನ್" ಎಂದ ಪಕ್ಕದ ಮನೆಯ ಓರ್ವಿಲ್, ಬೇಲಿಯಾಚೆಯಿಂದ. ಎಪ್ಪತ್ತು ದಾಟಿದ ಮುದುಕ, ಪ್ರಾಯದಲ್ಲಿ ಓಕ್ಲಹೋಮಾದಿಂದ ಬಂದು ಇಲ್ಲಿನ ತೋಟಗಳಲ್ಲಿ ದುಡಿದವನು, ಹೆಂಡತಿ ತೀರಿಹೋಗಿದ್ದಳು. ಅವನ ಜೊತೆಗಿದ್ದದ್ದು ಜೂನಿ ಎಂಬ ಬೇಟೆನಾಯಿ ಒಂದೇ. ಜೋಲುಗಿವಿ, ಉದ್ದ ಕಾಲು, ಬಿಳಿ ಮೈಮೇಲೆ ಕಪ್ಪು ಕಂದು ಮಚ್ಚೆ. ಅವನು ಕೊರಳಪಟ್ಟಿ ಬಿಚ್ಚಿದ್ದೇ ತಡ, ಜೂನಿ ಬೇಲಿ ನೆಗೆದು ಬಂದು ಆ ಕಳ್ಳನನ್ನು ಶಿವಕ್ಕನ ಬೆಣ್ಣೆಹಣ್ಣಿನ ಮರಕ್ಕೆ ಹತ್ತಿಸಿತು. ಕಾಂಡಕ್ಕೆ ಮುಂಗಾಲು ಕೊಟ್ಟು, ತಲೆಯೆತ್ತಿ ಕೂಗತೊಡಗಿತು.

ಓರ್ವಿಲ್ ಈಗ ಬಂದೂಕು ತರುತ್ತಾನೆ ಎಂದುಕೊಂಡ ಶಿವಕ್ಕ ಒಳಗೆ ಓಡಿ, ತಾಟಿನಲ್ಲಿ ಎರಡು ರೊಟ್ಟಿ ಹಾಕಿಕೊಂಡು ಬಂದು ಮರಕ್ಕೆ ಅಡ್ಡ ನಿಂತಳು. "ಕೊಲ್ಲಬ್ಯಾಡ್ರಿ! ಹಸದು ಬಂದೈತಿ, ತಿಂದು ಹೋಗ್ಲಿ!" ಇಂಗ್ಲಿಷು ಆ ಗಳಿಗೆಗೆ ನೆನಪೇ ಆಗಲಿಲ್ಲ. ಮುದುಕ ಅಂಗೈ ಎರಡನ್ನೂ ಬಿಚ್ಚಿ ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಬಂದೂಕು ಮುಟ್ಟಿ ಹತ್ತು ವರ್ಷವಾಗಿತ್ತಂತೆ. "ಮಾಂಸಕ್ಕಾಗಲಿ ತೊಗಲಿಗಾಗಲಿ ಅಲ್ಲ, ನಾನು ಹೋಗುವುದು ಕೇಳುವುದಕ್ಕೆ" ಎಂದ. ನಾಯಿ ಬಿಡುವುದು, ಕತ್ತಲಲ್ಲಿ ದಿಬ್ಬದ ಮೇಲೆ ಕೂರುವುದು, ಅದು ವಾಸನೆ ಹಿಡಿದಾಗಿನ ದನಿ, ಓಡುವಾಗಿನ ದನಿ, ಮರಕ್ಕೆ ಹತ್ತಿಸಿದಾಗಿನ ದನಿ ಕೇಳುವುದು, ಬೆಳಕು ಬಿಟ್ಟು ಪ್ರಾಣಿಯನ್ನು ನೋಡಿ ಬಿಟ್ಟುಬಿಡುವುದು. ಇಷ್ಟೇ ಅವನ ಬೇಟೆ.

ಕೇಳುವುದಕ್ಕೆ ಎಂಬ ಮಾತು ಶಿವಕ್ಕನಿಗೆ ನಾಟಿತು. ಅವತ್ತೇ ಪೇಟಿ ತೆಗೆದು, ಕರಿ ಬಿಳಿ ಮನೆಗಳನ್ನು ಒಂದೊಂದಾಗಿ ಒತ್ತಿ ಜೂನಿಯ ದನಿಯನ್ನು ಹುಡುಕಿದಳು. "ಕರಿ ಎರಡರಾಗ ಕೂಗತಾಳ್ರೀ ಅಕಿ!" ಎಂದು ಗಂಡನಿಗೆ ಸಾರಿದಳು. ನಾಯಿ ಯಾವ ಮನೆಯಲ್ಲಿ ಹಾಡಿದರೆ ತನಗೇನು ಎಂಬಂತೆ ವೀರಭದ್ರಪ್ಪ ಪೇಪರ್ ತಿರುವಿದ. ಆದರೆ ಅವತ್ತಿನಿಂದ ವಾರಕ್ಕೆರಡು ಸಂಜೆ ಶಿವಕ್ಕ ಸೀರೆಯ ಮೇಲೆ ಗಂಡನ ಹಳೆಯ ಜಾಕೆಟ್ ಏರಿಸಿ, ಬೂಟು ಮೆಟ್ಟಿ, ಓರ್ವಿಲ್ ಅಜ್ಜನ ಪಿಕಪ್ ಹತ್ತತೊಡಗಿದಳು. ಬ್ಯಾಟರಿ ಹಿಡಿಯಲು ವೀರಭದ್ರಪ್ಪನೂ ಹೋಗಲೇಬೇಕಾಯಿತು. ಅವನು ಹಾವಿಗೆ ಹೆದರಿ ನೆಲ ನೋಡುತ್ತ ನಡೆಯುತ್ತಿದ್ದ, ಅವಳು ಕಣ್ಣು ಮುಚ್ಚಿಕೊಂಡು ನಡೆಯುತ್ತಿದ್ದಳು.

ಮೂರು ವರ್ಷ ಹೀಗೆ ನಡೆಯಿತು. ಆಮೇಲೆ ಅಜ್ಜನ ಕಿವಿ ಹೋಗತೊಡಗಿತು.

ಅವನು ಸದಸ್ಯನಾಗಿದ್ದ ಬೇಟೆನಾಯಿ ಕ್ಲಬ್ಬಿನವರು ವರ್ಷಕ್ಕೆರಡು ಸಲ ಪಂದ್ಯ ನಡೆಸುತ್ತಿದ್ದರು. ಒಂದು ಸಲಕ್ಕೆ ನಾಲ್ಕು ನಾಯಿ, ನಾಲ್ಕು ಯಜಮಾನರು, ಒಬ್ಬ ಅಂಪೈರ್. ನಾಯಿಗಳು ಕಣ್ಣಿಗೆ ಬೀಳುವುದಿಲ್ಲ. ಮರದ ಬುಡದಲ್ಲಿ ಕೂಗಿದ್ದು ತನ್ನ ನಾಯಿಯೇ ಎಂದು ಯಜಮಾನ ದನಿ ಗುರುತಿಸಿ ಹೆಸರು ಹೇಳಬೇಕು. ಮೊದಲು ಹೇಳಿದವನಿಗೆ ಹೆಚ್ಚು ಅಂಕ. ಬಂದೂಕಿಗೆ ಅಲ್ಲಿ ಪ್ರವೇಶವಿಲ್ಲ. ಓರ್ವಿಲ್ ಎರಡು ಪಂದ್ಯಗಳಲ್ಲಿ ಬೇರೆಯವರ ನಾಯಿಯನ್ನು ಜೂನಿ ಎಂದ. ಮೂರನೆಯ ಸಲ ತಪ್ಪಿದರೆ ಅವನು ನಾಯಿ ತರುವಂತಿಲ್ಲ ಎಂದು ಕ್ಲಬ್ಬಿನವರು ಹೇಳಿದರು. ಟೊರೆನ್ಸಿನಲ್ಲಿದ್ದ ಅವನ ಮಗಳು ಅದನ್ನೇ ಕಾಯುತ್ತಿದ್ದಳು. ಕೇಳದ ಕಿವಿ ಹೊತ್ತು ಅಪ್ಪ ಕತ್ತಲಲ್ಲಿ ತಿರುಗುವುದು ಅವಳಿಗೆ ಭಯ. ಪಂದ್ಯ ನಿಂತರೆ ಜೂನಿಯನ್ನು ಯಾರಿಗಾದರೂ ಕೊಟ್ಟು ಅಪ್ಪನನ್ನು ತನ್ನಲ್ಲಿಗೆ ಕರೆದೊಯ್ಯುವುದು ಎಂದು ತೀರ್ಮಾನಿಸಿದ್ದಳು.

ಅಜ್ಜ ಈ ಸುದ್ದಿ ಹೇಳುವಾಗ ಜೂನಿಯ ಕಿವಿ ಸವರುತ್ತಿದ್ದ. ಶಿವಕ್ಕ ಅವನೆದುರು ಬಂದು ಕುಳಿತಳು. "ಅಜ್ಜಾ, ನನ್ನ ಕಿವಿ ಅದಾವಲ್ಲ" ಎಂದಳು. ಅವನಿಗೆ ಕೇಳಿಸಲಿಲ್ಲ. ಅವಳು ತನ್ನ ಕಿವಿ ಮುಟ್ಟಿ, ಅವನ ಎದೆ ತೋರಿಸಿದಳು.

ಪಂದ್ಯ ರಮೋನಾದ ಗುಡ್ಡಗಳಲ್ಲಿತ್ತು. ಟೋಪಿಯ ಗಂಡಸರ ನಡುವೆ ಇಳಕಲ್ ಸೀರೆ ಕಂಡು ಅಂಪೈರ್ ಹುಬ್ಬೇರಿಸಿದ. ಅರ್ಧ ಗಂಟೆ ಚರ್ಚೆಯಾಯಿತು. ಅಷ್ಟರಲ್ಲಿ ಶಿವಕ್ಕ ಡಬ್ಬಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಹಂಚಿದಳು, ಚರ್ಚೆ ಮೆತ್ತಗಾಯಿತು. "ಈ ಒಂದು ಸಲ ಅವನ ಪರವಾಗಿ ನೀವು ಹೆಸರು ಹೇಳಬಹುದು. ತಪ್ಪಾದರೆ ಅದು ಅವನ ತಪ್ಪೇ" ಎಂದ ಅಂಪೈರ್.

ಎದುರಾಳಿಗಳಲ್ಲಿ ಒಂದು ಹೆಣ್ಣುನಾಯಿ ಜೂನಿಯ ಒಡಹುಟ್ಟು, ಒಂದೇ ಸೂಲಿನದು. ಓರ್ವಿಲ್ ಎರಡು ಸಲವೂ ಮೋಸಹೋದದ್ದು ಅದರ ದನಿಗೇ. ಅದೂ ಕರಿ ಎರಡರಲ್ಲೇ ಕೂಗುವುದು.

ನಾಯಿಗಳನ್ನು ಬಿಟ್ಟರು. ಬಹಳ ಹೊತ್ತು ಕತ್ತಲಲ್ಲಿ ಏನೂ ಕೇಳಿಸಲಿಲ್ಲ. ಆಮೇಲೆ ಕಣಿವೆಯ ಆ ಮಗ್ಗುಲಿಂದ ಓಟದ ದನಿಗಳು ಎದ್ದವು, ಒಂದರ ಮೇಲೊಂದು ಬಿದ್ದು ಹಳ್ಳದ ಗುಂಟ ಸಾಗಿದವು. ಶಿವಕ್ಕ ಅಜ್ಜನ ಅಂಗೈಯನ್ನು ತನ್ನ ಕೈಯಲ್ಲಿಟ್ಟುಕೊಂಡು, ಜೂನಿ ಕೂಗಿದಾಗಲೆಲ್ಲ ಬೆರಳಿನಿಂದ ತಟ್ಟುತ್ತಿದ್ದಳು. ಅವನು ಕಣ್ಣರಳಿಸಿ ಎಣಿಸುತ್ತಿದ್ದ.

ಒಮ್ಮೆಲೇ ಓಟ ನಿಂತಿತು. ಒಂದೇ ದನಿ, ಒಂದೇ ಕಡೆಯಿಂದ, ಮೇಲಿಂದ ಮೇಲೆ. ಯಾವುದೋ ನಾಯಿ ಮರ ಹಿಡಿದಿತ್ತು.

"ಜೂನಿ" ಎಂದು ಪಿಸುಗುಟ್ಟಿದ ವೀರಭದ್ರಪ್ಪ. ಎಲ್ಲರ ಮುಖ ಶಿವಕ್ಕನತ್ತ ತಿರುಗಿತು. ಒಡಹುಟ್ಟಿನ ಯಜಮಾನನೂ ಬಾಯಿ ತೆರೆಯಲಿಲ್ಲ. ಅವನಿಗೂ ಅದು ಜೂನಿಯೇ ಅನ್ನಿಸಿತ್ತು. ಓರ್ವಿಲ್ ಅವರ ಮುಖಗಳನ್ನು ಓದಿ, ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಹೇಳು, ಹೇಳು ಅನ್ನುವ ಹಿಡಿತ ಅದು.

ಶಿವಕ್ಕ ಕಣ್ಣು ಮುಚ್ಚಿದಳು. ಕೊರಳಿನ ಲಿಂಗದ ಮೇಲೆ ಅವಳ ಇನ್ನೊಂದು ಕೈ ಇತ್ತು. ಜೂನಿ ಮೂರು ಸಲ ಉದ್ದಕ್ಕೆ ಕೂಗಿ, ಕೊನೆಯದನ್ನು ಕತ್ತರಿಸಿದಂತೆ ನಿಲ್ಲಿಸುತ್ತಾಳೆ. ಈ ದನಿಯ ಕೊನೆ ಹಾಗಿರಲಿಲ್ಲ. ಗಾಳಿ ಒತ್ತುವ ಭಾತಿಯಿಂದ ಕೈ ತೆಗೆದ ಮೇಲೂ ಉಸಿರು ಉಳಿದ ಪೇಟಿಯಂತೆ ಅದು ಎಳೆಯುತ್ತಿತ್ತು, ಎಳೆದು ಇಳಿಯುತ್ತಿತ್ತು. ಅಜ್ಜನ ಹಿಡಿತ ನೋಯುವಷ್ಟು ಬಿಗಿಯಾಯಿತು. ಹೌದು ಎಂದುಬಿಡಲು ಅವಳಿಗೆ ಎಷ್ಟು ಮನಸ್ಸಾಯಿತೆಂದರೆ, ಮುಂದೆ ಅದನ್ನು ನೆನೆದಾಗಲೆಲ್ಲ ಅವಳಿಗೆ ನಾಚಿಕೆಯಾಗುತ್ತಿತ್ತು.

"ಇದು ನಮ್ಮದಲ್ಲ" ಎಂದಳು. ಒಡಹುಟ್ಟಿನ ಯಜಮಾನನ ಕಡೆ ತಿರುಗಿ, "ನಿಮ್ಮದು. ಹೇಳಿಬಿಡ್ರಿ, ಹೊತ್ತು ಹೊಕ್ಕೈತಿ" ಎಂದು ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಅವಸರಿಸಿದಳು. ಅವನು ತಬ್ಬಿಬ್ಬಾಗಿ ತನ್ನ ನಾಯಿಯ ಹೆಸರು ಹೇಳಿದ. ಓರ್ವಿಲ್ ಅವಳ ತುಟಿ ನೋಡಿ ಅರ್ಥ ಮಾಡಿಕೊಂಡು ತಲೆ ತಗ್ಗಿಸಿದ.

ಒಂದು ನಿಮಿಷ ಕಳೆದಿರಬೇಕು, ಹಳ್ಳದ ಕಡೆಯಿಂದ ಎರಡನೆಯ ದನಿ ಬಂದು ಮೊದಲಿನದಕ್ಕೆ ಕೂಡಿತು. ಉದ್ದ, ಉದ್ದ, ಉದ್ದ, ಕಡಿತ. "ಹತ್ತಿತು! ನಮ್ಮ ಜೂನಿ!" ಎಂದು ಶಿವಕ್ಕ ಕಿರುಚಿದ ರಭಸಕ್ಕೆ ವೀರಭದ್ರಪ್ಪ ಬ್ಯಾಟರಿ ಕೈಬಿಟ್ಟ. ಅಂಪೈರ್ ಬರೆದುಕೊಂಡ.

ಮರದ ಹತ್ತಿರ ಹೋಗಿ ನೋಡಿದರೆ ಓಕ್ ಮರದ ಕಾಂಡಕ್ಕೆ ಕಾಲು ಕೊಟ್ಟು ನಿಂತಿದ್ದುದು ಒಡಹುಟ್ಟು. ಅದರ ಹಿಂದೆ ಜೂನಿ. ಹಳ್ಳ ದಾಟಿ ಬಂದ ಅವಳ ಮೈಯಿಂದ ಇನ್ನೂ ನೀರು ಸುರಿಯುತ್ತಿತ್ತು. ಕೊಂಬೆಯ ಮೇಲೆ ಕಪ್ಪು ಪಟ್ಟಿಯ ಕಣ್ಣುಗಳೆರಡು ಮಿನುಗಿದವು. ಅಂಪೈರ್ ಟೋಪಿ ತೆಗೆದ. "ನಲವತ್ತು ವರ್ಷದಿಂದ ನಾಯಿ ಸಾಕಿದ್ದೇನೆ ತಾಯಿ, ನನಗೂ ಅದು ಜೂನಿಯೇ ಅನ್ನಿಸಿತ್ತು" ಎಂದ.

ಜೂನಿಗೆ ಸಿಕ್ಕಿದ್ದು ಎರಡನೆಯ ಸ್ಥಾನ. ಓರ್ವಿಲ್ ಪಂದ್ಯಕ್ಕೆ ಬರುವಷ್ಟು ಕಾಲವೂ ಶಿವಕ್ಕನೇ ಅವನ ಕಿವಿ ಎಂದು ಕ್ಲಬ್ಬಿನವರು ಬರೆದುಕೊಟ್ಟರು. ಮಗಳಿಗೆ ಅಪ್ಪ ಆ ಕಾಗದವನ್ನೇ ಅಂಚೆಯಲ್ಲಿ ಕಳಿಸಿದ. ಆಮೇಲೆ ಆರು ವರ್ಷ ಅವರು ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಹೆಚ್ಚು ಗೆಲ್ಲಲೂ ಇಲ್ಲ. ಜೂನಿ ಶಿವಕ್ಕನ ಹಿತ್ತಲಲ್ಲೇ, ಬೆಣ್ಣೆಹಣ್ಣಿನ ಮರದ ನೆರಳಲ್ಲಿ ಮುಪ್ಪಾಗಿ ಸತ್ತಳು. ಆಗಲೇ ಓರ್ವಿಲ್ ತಾನಾಗಿ ಮಗಳ ಮನೆಗೆ ಹೊರಟದ್ದು. ಅಷ್ಟರಲ್ಲಿ ಅವನಿಗೆ ಗುಡುಗೂ ಕೇಳುತ್ತಿರಲಿಲ್ಲ.

1983ರಲ್ಲಿ ಒಂದು ಭಾನುವಾರ, ಆರ್ಟೀಸಿಯಾದ ಇಂಡಿಯನ್ ಅಂಗಡಿಗಳಿಂದ ಬೇಳೆಕಾಳು ತರುವ ನೆವದಲ್ಲಿ ಗಂಡಹೆಂಡಿರು ಟೊರೆನ್ಸಿಗೆ ಹೋದರು. ಕಾರಿನ ಹಿಂದಿನ ಸೀಟಿನಲ್ಲಿ ಪೇಟಿ ಇತ್ತು. ಅಜ್ಜ ಕಿಟಕಿಯ ಬಳಿ ಕುಳಿತಿದ್ದ. ಬೀದಿ ಸಪ್ಪಳವಿಲ್ಲದ್ದು, ಅವನಿಗೋ ಜಗತ್ತೇ ಹಾಗೆ. ಜೂನಿಯ ಮುಖ ನೆನಪಿದೆ, ದನಿ ಮರೆತುಹೋಯಿತು ಎಂದು ಅವನು ಹೇಳಿದಾಗ ಅವನ ಕಣ್ಣು ತುಂಬಿದವು.

ಶಿವಕ್ಕ ಪೇಟಿಯನ್ನು ಅವನ ತೊಡೆಯ ಮೇಲಿಟ್ಟು, ಸುರದ ನಡುಕ ತಾಕುವಂತೆ ಅವನ ಎರಡೂ ಅಂಗೈಗಳನ್ನು ಅದರ ಮರದ ಮೈಮೇಲೆ ಊರಿಸಿದಳು. ಭಾತಿ ಒತ್ತಿ ಕರಿ ಎರಡನ್ನು ಹಿಡಿದಳು. ಉದ್ದ, ಉದ್ದ, ಉದ್ದ, ಕಡಿತ. ಮುದುಕನ ಬೆನ್ನು ನೆಟ್ಟಗಾಯಿತು. ಅವಳು ಮತ್ತೆ ನುಡಿಸಿದಳು. ಅವನು ಕಣ್ಣು ಮುಚ್ಚಿದ, ಅವನ ತುಟಿ ಹೆಸರನ್ನು ಆಡಿತು, ದನಿಯಿಲ್ಲದೆ. ಬಾಗಿಲಲ್ಲಿ ನಿಂತಿದ್ದ ಮಗಳು ಒಳಗೆ ಬಂದು ನೆಲದ ಮೇಲೆ ಕುಳಿತುಬಿಟ್ಟಳು.

ಆಮೇಲೆ ಶಿವಕ್ಕನಿಗೆ ಏನನ್ನಿಸಿತೋ, ಅದೇ ಸುರವನ್ನು ಹಿಡಿದು ಕೊನೆಯನ್ನು ಎಳೆದಳು, ಎಳೆದು ಇಳಿಸಿದಳು. ಓರ್ವಿಲ್ ತಟ್ಟನೆ ಕಣ್ಣು ತೆರೆದ. ಪೇಟಿಯಿಂದ ಒಂದು ಕೈ ಎತ್ತಿ, ಅವಳ ಕೈಯನ್ನು ಹಿಡಿದು ನಿಲ್ಲಿಸಿದ.

"ಇದು ನಮ್ಮದಲ್ಲ" ಎಂದ.